ಪೇತ್ರರ ಹಳೆಯ ಮನೆಯನ್ನು ಕೆಡವಿದ ಕಥೆ

(ನವೆಂಬರ್ 18: ಸಂತ ಪೇತ್ರ ಮತ್ತು ಸಂತ ಪೌಲರ ಮಹಾದೇವಾಲಯಗಳ ಪ್ರತಿಷ್ಠಾಪನೆಯ ಸ್ಮರಣೆ)



ನವೆಂಬರ್ ನಮಗೆ ಮೃತರ ತಿಂಗಳು. ಸಮಾಧಿಗಳಿಗೆ ಸುಣ್ಣ ಬಳಿದು, ಹೂವಿಟ್ಟು, ಮೇಣದಬತ್ತಿ ಹಚ್ಚಿ ನಮ್ಮ ಹಿರಿಯರಿಗಾಗಿ ಪ್ರಾರ್ಥಿಸುತ್ತೇವೆ. ಇದೇ ತಿಂಗಳಲ್ಲಿ ಧರ್ಮಸಭೆಯ ಪೂಜಾ ಪಂಚಾಂಗದಲ್ಲಿ ಬೇರೆ ಬಗೆಯ ಎರಡು ದಿನಗಳು ಬರುತ್ತವೆ. ಅವು ಕಟ್ಟಡಗಳ ಹುಟ್ಟುಹಬ್ಬಗಳು. 9ರಂದು ರೋಮಿನ ಲ್ಯಾಟರನ್ ಮಹಾದೇವಾಲಯದ ಹಬ್ಬ. ಅದು ಭಾನುವಾರ ಬಿದ್ದರೆ ಭಾನುವಾರದ ಪೂಜೆಯೇ ಅದಕ್ಕೆ ಜಾಗ ಬಿಟ್ಟುಕೊಡುತ್ತದೆ. 18ರಂದು ಸಂತ ಪೇತ್ರರ ಹಾಗೂ ಸಂತ ಪೌಲರ ಮಹಾದೇವಾಲಯಗಳ ಪ್ರತಿಷ್ಠಾಪನೆಯ ಸ್ಮರಣೆ. ಇದು ಐಚ್ಛಿಕ ಸ್ಮರಣೆಯಾದ್ದರಿಂದ ಬೆಳಗಿನ ಪೂಜೆಗೆ ಬರುವ ಹತ್ತಿಪ್ಪತ್ತು ಜನರ ಗಮನಕ್ಕಷ್ಟೇ ಬಂದು ದಾಟಿಹೋಗುತ್ತದೆ. ಅಂದಿನ ಶುಭಸಂದೇಶ ಮಾತ್ರ ಎಲ್ಲರಿಗೂ ಗೊತ್ತಿರುವುದೇ: ಬಿರುಗಾಳಿಯ ರಾತ್ರಿ, ಅಲೆಗಳ ಮೇಲೆ ನಡೆದುಬರುವ ಯೇಸುಸ್ವಾಮಿ, ಅವರ ಕಡೆಗೆ ಹೆಜ್ಜೆ ಇಟ್ಟು ಮುಳುಗತೊಡಗಿದ ಪೇತ್ರ. ಆ ದಿನಕ್ಕೆ ಆ ವಾಚನ ಹೊಂದಿಕೊಳ್ಳುವುದಕ್ಕೆ ಕಟ್ಟಡದ ಇತಿಹಾಸದಲ್ಲೂ ಒಂದು ನೆಪ ಇದೆ. ಅದನ್ನು ಮುಂದೆ ನೋಡೋಣ.

ಈ ಎರಡು ಮಹಾದೇವಾಲಯಗಳಲ್ಲಿ ಸಂತ ಪೌಲರದು 1823ರಲ್ಲಿ ಬೆಂಕಿಗೆ ಸಿಕ್ಕಿ ಸುಟ್ಟುಹೋಯಿತು. ಮತ್ತೆ ಕಟ್ಟಿದ್ದನ್ನು 1854ರಲ್ಲಿ ಜಗದ್ಗುರು 9ನೇ ಪಿಯುಸ್ ಪ್ರತಿಷ್ಠಾಪಿಸಿದರು. ಅದು ಅವಘಡದ ಕಥೆ. ಸಂತ ಪೇತ್ರರದು ಹಾಗಲ್ಲ. ಜಗದ್ಗುರುಗಳೇ ಆಜ್ಞೆ ಕೊಟ್ಟು, ಆಳುಗಳನ್ನಿಟ್ಟು, ಹಾರೆ ಪಿಕಾಸಿಗಳಿಂದ ಅದನ್ನು ಕೆಡವಿಸಿದರು. ಸುಮಾರು ಹನ್ನೆರಡು ಶತಮಾನ ಭಕ್ತರು ಮಂಡಿಯೂರಿದ್ದ ನೆಲ ಅದು. ಇಂದು ನಾವು ಚಿತ್ರಗಳಲ್ಲಿ, ಟಿ.ವಿ.ಯಲ್ಲಿ ನೋಡುವ ಗುಮ್ಮಟದ ದೇವಾಲಯ ಅದರ ಜಾಗದಲ್ಲಿ ಎದ್ದ ಎರಡನೆಯ ಮನೆ.

ಹಳೆಯ ಮನೆ ಕೆಡವಿ ಹೊಸದು ಕಟ್ಟುವುದು ನಮ್ಮ ಕುಟುಂಬಗಳಿಗೂ ಹೊಸ ಸಂಗತಿಯಲ್ಲ. ಹೆಂಚಿನ ಮನೆ ಹೋಗಿ ತಾರಸಿ ಮನೆ ಬರುತ್ತದೆ. ಮಕ್ಕಳಿಗೆ ಸಂಭ್ರಮ, ಅಜ್ಜಿ ಮಾತ್ರ ಒಂದು ಮೂಲೆಯಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಪವಿತ್ರ ಗ್ರಂಥದಲ್ಲೂ ಈ ದೃಶ್ಯ ಇದೆ. ಬಾಬಿಲೋನಿನ ಸೆರೆಯಿಂದ ಮರಳಿದ ಜನ ಜೆರುಸಲೇಮಿನಲ್ಲಿ ದೇವಾಲಯಕ್ಕೆ ಮರಳಿ ಅಸ್ತಿವಾರ ಹಾಕಿದಾಗ ಕಿರಿಯರು ಜಯಕಾರ ಹಾಕಿದರಂತೆ. ಮೊದಲಿನ ದೇವಾಲಯವನ್ನು ಕಣ್ಣಾರೆ ಕಂಡಿದ್ದ ಮುದುಕರು ಗಟ್ಟಿಯಾಗಿ ಅತ್ತರಂತೆ. ದೂರದಲ್ಲಿ ನಿಂತವರಿಗೆ ಯಾವುದು ಅಳು, ಯಾವುದು ಜಯಕಾರ ಎಂದು ತಿಳಿಯಲಿಲ್ಲವಂತೆ. ಎಜ್ರನ ಗ್ರಂಥದ ಮೂರನೆಯ ಅಧ್ಯಾಯವನ್ನು ತೆರೆದು ನೋಡಿ. ಅಳುವವರನ್ನು ಗ್ರಂಥಕರ್ತ ಗದರಿಸುವುದಿಲ್ಲ, ಕುಣಿಯುವವರನ್ನೂ ಗದರಿಸುವುದಿಲ್ಲ. ರೋಮಿನ ಕಥೆಯನ್ನೂ ಅದೇ ಮನಸ್ಸಿನಿಂದ ಓದಬೇಕು ಎಂದು ನನಗನಿಸುತ್ತದೆ.

ಮೊದಲನೆಯ ಮನೆಯನ್ನು ಕಟ್ಟಿಸಿದ್ದು ಚಕ್ರವರ್ತಿ ಕಾನ್‌ಸ್ಟಂಟೈನ್, ನಾಲ್ಕನೆಯ ಶತಮಾನದ ಮೊದಲ ಭಾಗದಲ್ಲಿ. ವ್ಯಾಟಿಕನ್ ಗುಡ್ಡದ ಇಳಿಜಾರು ಕಟ್ಟಡಕ್ಕೆ ಒಳ್ಳೆಯ ಜಾಗವಾಗಿರಲಿಲ್ಲ. ಅಲ್ಲೊಂದು ಸ್ಮಶಾನವಿತ್ತು. ಇಟ್ಟಿಗೆಯಿಂದ ಕಟ್ಟಿದ ಸಮಾಧಿಮನೆಗಳು ಬೀದಿಯ ಮನೆಗಳಂತೆ ಸಾಲಾಗಿ ನಿಂತಿದ್ದವು. ಸ್ವಲ್ಪ ಆಚೆ ಸಮತಟ್ಟು ನೆಲ ಇದ್ದರೂ ಚಕ್ರವರ್ತಿ ಆಚೆ ಹೋಗಲಿಲ್ಲ. ಕಾರಣ ಒಂದೇ: ಪೇತ್ರರ ಸಮಾಧಿ ಇಲ್ಲಿತ್ತು. ಒಂದು ಬದಿಯಲ್ಲಿ ಗುಡ್ಡವನ್ನು ಕಡಿದರು. ಇನ್ನೊಂದು ಬದಿಯಲ್ಲಿ ಸಮಾಧಿಮನೆಗಳ ಚಾವಣಿ ತೆಗೆದು ಒಳಗೆಲ್ಲ ಮಣ್ಣು ತುಂಬಿಸಿದರು. ಸಮಾಧಿಗೆ ಕೈ ಹಾಕುವುದು ರೋಮಿನ ಕಾನೂನಿನಲ್ಲಿ ದೊಡ್ಡ ಅಪರಾಧ. ಚಕ್ರವರ್ತಿಯ ಅಧಿಕಾರ ಇಲ್ಲದಿದ್ದರೆ ಅದು ಆಗುವ ಕೆಲಸವಾಗಿರಲಿಲ್ಲ. ಹನ್ನೆರಡು ಮಂದಿ ಪ್ರೇಷಿತರ ಗೌರವಾರ್ಥ ಕಾನ್‌ಸ್ಟಂಟೈನ್ ತಾನೇ ಹನ್ನೆರಡು ಬುಟ್ಟಿ ಮಣ್ಣು ಹೊತ್ತನೆಂಬ ಕಥೆ ಪರಂಪರೆಯಲ್ಲಿದೆ. ಬುಟ್ಟಿಯ ಕಥೆ ಹೇಗೇ ಇರಲಿ, ಆ ಮಣ್ಣಿನ ಕೆಳಗೆ ಯಾರದೋ ತಂದೆತಾಯಿಗಳ ಗೋರಿಗಳು ಮುಚ್ಚಿಹೋದವು ಎಂಬುದಂತೂ ನಿಜ. ಹಳೆಯ ಮನೆ ಎಂದು ನಾವು ಕರೆಯುವುದೂ ಇನ್ನೊಬ್ಬರ ಹಳೆಯ ಮನೆಗಳ ಮೇಲೆಯೇ ನಿಂತಿತ್ತು.

ಎದ್ದುನಿಂತ ದೇವಾಲಯ ಮಾತ್ರ ಭವ್ಯವಾಗಿತ್ತು. ಐದು ಅಂಕಣಗಳು, ನಾಲ್ಕು ಕಂಬಸಾಲುಗಳು, ಸಾಲಿಗೆ 22ರಂತೆ 88 ಕಂಬಗಳು. ಕಂಬಗಳೆಲ್ಲ ಒಂದೇ ಬಗೆಯವಲ್ಲ. ಹಿಂದಿನ ರೋಮನ್ ಕಟ್ಟಡಗಳಿಂದ ತಂದ ಬಣ್ಣ ಬಣ್ಣದ ಅಮೃತಶಿಲೆ. ಮೇಲೆ ಮರದ ತೊಲೆಗಳ ಚಾವಣಿ. ಮುಂದುಗಡೆ ದೊಡ್ಡ ಅಂಗಳ. ಅದನ್ನು ಜನ ‘ಸ್ವರ್ಗ’ ಎಂದು ಕರೆಯುತ್ತಿದ್ದರು. ನಡುವೆ ಕಂಚಿನ ದೊಡ್ಡ ಪೈನ್ ಕಾಯಿಯ ಕಾರಂಜಿ. 800ನೇ ಇಸವಿಯ ಕ್ರಿಸ್ಮಸ್ ದಿನ ಶಾರ್ಲಮೇನ್ ಚಕ್ರವರ್ತಿಗೆ ಕಿರೀಟಧಾರಣೆ ಆದದ್ದು ಇಲ್ಲಿಯೇ. ಜಗದ್ಗುರುಗಳ ಸಮಾಧಿಗಳು, ರಾಜರು ಕೊಟ್ಟ ಪೀಠಗಳು, ಯಾತ್ರಿಕರ ಹರಕೆಗಳು ತಲೆಮಾರಿನ ಮೇಲೆ ತಲೆಮಾರು ಸೇರಿಕೊಂಡು ದೇವಾಲಯ ದೊಡ್ಡ ಕುಟುಂಬದ ಮನೆಯಂತೆ ಕಿಕ್ಕಿರಿದಿತ್ತು.

ಮನೆ ಹಳೆಯದಾಯಿತು. 1309ರಿಂದ 1377ರವರೆಗೆ ಜಗದ್ಗುರುಗಳು ಫ್ರಾನ್ಸಿನ ಅವಿನ್ಯೋನಿನಲ್ಲಿದ್ದಾಗ ರೋಮಿನ ಕಟ್ಟಡಗಳನ್ನು ಕೇಳುವವರೇ ಇರಲಿಲ್ಲ. ಹದಿನೈದನೆಯ ಶತಮಾನದ ನಡುವೆ ವಾಸ್ತುಪಂಡಿತ ಆಲ್ಬೆರ್ತಿ ಗೋಡೆಯನ್ನು ಪರೀಕ್ಷಿಸಿ ಬರೆದಿಟ್ಟಿರುವುದನ್ನು ಓದಿದರೆ ಭಯವಾಗುತ್ತದೆ. ಅಷ್ಟು ಉದ್ದದ, ಅಷ್ಟು ಎತ್ತರದ ಗೋಡೆಯನ್ನು ಸಾಲು ಸಾಲು ತೆರಪುಗಳ ಮೇಲೆ ಎಬ್ಬಿಸಿದ್ದಾರೆ. ಆನಿಕೆ ಇಲ್ಲ, ತಿರುವು ಇಲ್ಲ. ಗಾಳಿಯ ಒತ್ತಡಕ್ಕೆ ಗೋಡೆ ಆಗಲೇ ಆರು ಅಡಿಗಿಂತ ಹೆಚ್ಚು ವಾಲಿದೆ. ಸಣ್ಣದೊಂದು ಅಲುಗಾಟ ಸಾಕು, ಬೀಳುತ್ತದೆ ಎಂಬುದು ಅವನ ಅಭಿಪ್ರಾಯ. ಆಗಿನ ಜಗದ್ಗುರು 5ನೇ ನಿಕೋಲಾಸ್ ಹಿಂಭಾಗವನ್ನು ಹಿಗ್ಗಿಸಿ ಕಟ್ಟುವ ಕೆಲಸ ಆರಂಭಿಸಿದರು. ಗೋಡೆ ನೆಲದಿಂದ ಕೊಂಚ ಮೇಲೆ ಬರುವಷ್ಟರಲ್ಲಿ, 1455ರಲ್ಲಿ, ಅವರು ತೀರಿಕೊಂಡರು. ಕೆಲಸ ಐವತ್ತು ವರ್ಷ ಹಾಗೆಯೇ ನಿಂತಿತು.

ಆಮೇಲೆ ಬಂದವರು ಜಗದ್ಗುರು 2ನೇ ಜೂಲಿಯಸ್. ಅವರದು ಕಾಯುವ ಸ್ವಭಾವವಲ್ಲ. 1506ರ ಏಪ್ರಿಲ್ 18ರಂದು, ಪಾಸ್ಖ ಹಬ್ಬದ ಮರು ಶನಿವಾರ, ಸುಮಾರು 25 ಅಡಿ ಆಳದ ಗುಂಡಿಗೆ ಏಣಿಯಿಂದ ಇಳಿದು ಹೊಸ ದೇವಾಲಯದ ಮೊದಲ ಕಲ್ಲನ್ನು ಆಶೀರ್ವದಿಸಿದರು. ದಡದಲ್ಲಿ ಜನ ನೂಕಿಕೊಂಡು ನಿಂತಿದ್ದರಿಂದ ಮಣ್ಣು ಕುಸಿದೀತೆಂದು ಅವರಿಗೆ ಭಯ. ಹಿಂದೆ ಸರಿಯಿರಿ ಎಂದು ಕೆಳಗಿನಿಂದಲೇ ಕೂಗಿದರಂತೆ. ಯುದ್ಧರಂಗಕ್ಕೇ ಹೋಗಿ ನಿಲ್ಲುತ್ತಿದ್ದ ಜಗದ್ಗುರು ಇವರು.

ವಾಸ್ತುಶಿಲ್ಪಿ ಬ್ರಮಾಂತೆ. ಮಹಾ ಪ್ರತಿಭಾವಂತ. ಅವನ ಒಂದು ಸಲಹೆಯನ್ನು ಆ ಕಾಲದ ಅಗಸ್ತೀನ್ ಸಭೆಯ ಗುರು, ವಿತೆರ್ಬೊದ ಎಜೀದಿಯೊ ದಾಖಲಿಸಿದ್ದಾರೆ. ದೇವಾಲಯದ ಪಕ್ಕದಲ್ಲಿ ಪ್ರಾಚೀನ ಈಜಿಪ್ಟಿನ ಶಿಲಾಸ್ತಂಭವೊಂದು ನಿಂತಿತ್ತು. ಅದು ಬಾಗಿಲಿಗೆ ನೇರ ಎದುರಾಗಿ ಬರುವಂತೆ ಇಡೀ ದೇವಾಲಯದ ದಿಕ್ಕನ್ನೇ ತಿರುಗಿಸೋಣ, ಪೇತ್ರರ ಸಮಾಧಿಯನ್ನು ಸ್ವಲ್ಪ ಸರಿಸಿದರಾಯಿತು ಎಂಬುದು ಬ್ರಮಾಂತೆಯ ಸಲಹೆ. ಜೂಲಿಯಸ್ ಒಪ್ಪಲಿಲ್ಲ. ಬ್ರಮಾಂತೆ ಮತ್ತೆ ಮತ್ತೆ ಹೇಳಿ ನೋಡಿದ. ಭಕ್ತನ ಮನಸ್ಸು ಇನ್ನಷ್ಟು ಕಲಕುತ್ತದೆ, ಯಾತ್ರಿಕನಿಗೆ ಭಾವೋದ್ರೇಕ ಆಗುತ್ತದೆ ಎಂದೆಲ್ಲ ವಾದಿಸಿದ. ಆ ಸಮಾಧಿಯಿಂದ ಏನನ್ನೂ ಕದಲಿಸಕೂಡದು ಎಂದು ಜಗದ್ಗುರು ಪಟ್ಟು ಹಿಡಿದರು. ಗೋಡೆ, ಕಂಬ, ಚಾವಣಿ ಎಲ್ಲವನ್ನೂ ಬಲಿಕೊಡಲು ಸಿದ್ಧರಾಗಿದ್ದ ಮನುಷ್ಯ ಒಂದು ಗೋರಿಯ ವಿಷಯದಲ್ಲಿ ಒಂದು ಅಂಗುಲವೂ ಬಗ್ಗಲಿಲ್ಲ. 2ನೇ ಜೂಲಿಯಸರ ಬಗ್ಗೆ ಇತಿಹಾಸಕಾರರು ಹೇಳುವ ಕಟು ಮಾತುಗಳಲ್ಲಿ ಬಹಳಷ್ಟು ನಿಜ. ಆದರೂ ಈ ಒಂದು ‘ಕೂಡದು’ ಎಂಬ ಮಾತಿಗಾಗಿ ನಾನು ಅವರಿಗೆ ಋಣಿ.

ಉಳಿದದ್ದರಲ್ಲಿ ಬ್ರಮಾಂತೆಯ ಕೈ ತಡೆಯುವವರಿರಲಿಲ್ಲ. ದೇವಾಲಯದ ಹಿಂದಿನ ಅರ್ಧ ಸರಸರನೆ ಉರುಳಿತು. ಕಂಬಗಳನ್ನು ಹಗ್ಗ ಕಟ್ಟಿ ಜೋಪಾನವಾಗಿ ಇಳಿಸುವ ಬದಲು ನೆಲಕ್ಕೆ ಕೆಡವಿ ಒಡೆದರು. ಅದನ್ನು ಕಂಡು ಮೈಕೆಲೆಂಜೆಲೊ ರೊಚ್ಚಿಗೆದ್ದಿದ್ದ. ಇಟ್ಟಿಗೆಯ ಮೇಲೆ ಇಟ್ಟಿಗೆ ಇಡುವುದು ಸುಲಭ, ಇಂಥದೊಂದು ಕಂಬ ಮಾಡುವುದು ಎಷ್ಟು ಕಷ್ಟ ಎಂದು ಅವನು ದೂರಿದ್ದನ್ನು ಅವನ ಜೀವನ ಚರಿತ್ರೆ ಬರೆದ ಕೊಂದೀವಿ ತಿಳಿಸುತ್ತಾನೆ. ಪೂಜಾವಿಧಿಗಳ ಉಸ್ತುವಾರಿ ನೋಡುತ್ತಿದ್ದ ಪಾರಿಸ್ ದೆ ಗ್ರಾಸಿಸ್ ತನ್ನ ದಿನಚರಿಯಲ್ಲಿ ಜನ ಬ್ರಮಾಂತೆಗೆ ಇಟ್ಟಿದ್ದ ಅಡ್ಡಹೆಸರನ್ನು ಬರೆದಿಟ್ಟಿದ್ದಾನೆ: ‘ರುಯಿನಾಂತೆ’, ಅಂದರೆ ಹಾಳುಮಾಡುವವನು. ರೋಮಿನ ಜನ ಅಡ್ಡಹೆಸರಿಡುವುದರಲ್ಲಿ ನಮ್ಮೂರಿನವರಿಗೇನೂ ಕಡಿಮೆಯಿಲ್ಲ.

ಬ್ರಮಾಂತೆ 1514ರಲ್ಲಿ ತೀರಿಕೊಂಡ. ಮೂರು ವರ್ಷದ ನಂತರ ಆಂದ್ರೆಯಾ ಗ್ವಾರ್ನಾ ಎಂಬವನು ಮಿಲಾನಿನಲ್ಲಿ ಒಂದು ಹಾಸ್ಯ ಸಂವಾದವನ್ನು ಅಚ್ಚು ಹಾಕಿಸಿದ. ಬ್ರಮಾಂತೆ ಸ್ವರ್ಗದ ಬಾಗಿಲಿಗೆ ಬರುತ್ತಾನೆ. ಬಾಗಿಲಲ್ಲಿ ಪೇತ್ರರು. “ನನ್ನ ದೇವಾಲಯವನ್ನು ಕೆಡವಿದವನು ನೀನೇ ಅಲ್ಲವೇ?” ಎಂಬ ಧಾಟಿಯಲ್ಲಿ ವಿಚಾರಣೆ ನಡೆಯುತ್ತದೆ. ಬ್ರಮಾಂತೆ ಅಂಜುವವನಲ್ಲ. ಸ್ವರ್ಗಕ್ಕೆ ಬರುವ ದಾರಿ ಬಲು ಕಡಿದಾಗಿದೆ, ಮುದುಕರೂ ಕುದುರೆಯ ಮೇಲೆ ಬರುವಂತೆ ಸುತ್ತು ಮೆಟ್ಟಿಲಿನ ದಾರಿ ಕಟ್ಟಿಕೊಡುತ್ತೇನೆ, ಈ ಹಳೆಯ ಸ್ವರ್ಗವನ್ನೂ ಕೆಡವಿ ಹೊಸದು ಕಟ್ಟುತ್ತೇನೆ ಎಂದು ಯೋಜನೆ ಬಿಚ್ಚುತ್ತಾನೆ. ಹೊಸ ದೇವಾಲಯ ಮುಗಿಯುವವರೆಗೆ ಬಾಗಿಲ ಹೊರಗೇ ಕಾಯುತ್ತಿರು ಎಂಬುದು ಪೇತ್ರರ ತೀರ್ಪು. ಬರೆದವನಿಗೆ ಗೊತ್ತಿರಲಿಲ್ಲ, ಆ ಲೆಕ್ಕದಲ್ಲಿ ಪಾಪ ಬ್ರಮಾಂತೆ 112 ವರ್ಷ ಹೊರಗೆ ನಿಲ್ಲಬೇಕಾಗಿತ್ತು.

ಹಣದ ವಿಷಯವನ್ನು ಮುಚ್ಚಿಡುವಂತಿಲ್ಲ. ಕಟ್ಟಡಕ್ಕೆ ಕಾಣಿಕೆ ಕೊಟ್ಟವರಿಗೆ ಪಾಪದ ದಂಡನೆಯ ವಿಮೋಚನೆ, ಅಂದರೆ ಇಂಡಲ್ಜೆನ್ಸ್, ಸಾರಲಾಯಿತು. 2ನೇ ಜೂಲಿಯಸರ ನಂತರ ಬಂದ ಜಗದ್ಗುರು 10ನೇ ಲಿಯೋ ಅದನ್ನು ಜರ್ಮನಿಯಲ್ಲಿ ಸಾರಲು ಮೈನ್ಸಿನ ಮಹಾಧರ್ಮಾಧ್ಯಕ್ಷ ಆಲ್ಬ್ರೆಕ್ಟರಿಗೆ ಒಪ್ಪಿಸಿದರು. ಬಂದ ಹಣದಲ್ಲಿ ಅರ್ಧ ರೋಮಿಗೆ. ಇನ್ನರ್ಧ ಆಲ್ಬ್ರೆಕ್ಟರು ತಮ್ಮ ಪದವಿಗಾಗಿ ಫುಗ್ಗರ್ ಸಾಹುಕಾರರಿಂದ ಎತ್ತಿದ್ದ ಸಾಲಕ್ಕೆ. ನಾಣ್ಯ ಹಾಕುತ್ತಿದ್ದ ರೈತನಿಗೆ, ವಿಧವೆಗೆ ಈ ಒಳ ಒಪ್ಪಂದ ತಿಳಿದಿರಲಿಲ್ಲ. 1517ರ ಅಕ್ಟೋಬರ್ 31ರಂದು ಮಾರ್ಟಿನ್ ಲೂಥರ್ ಎತ್ತಿದ ಪ್ರಶ್ನೆಗಳು ಇದರಿಂದಲೇ ಹೊರಟವು. ಧರ್ಮಸಭೆ ಒಡೆದುದಕ್ಕೆ ಒಂದು ಕಟ್ಟಡವೇ ಕಾರಣ ಎಂದರೆ ಅತಿ ಸರಳವಾಯಿತು, ಕಾರಣಗಳು ಹಲವು. ಆದರೆ ಎಲ್ಲ ಕ್ರೈಸ್ತರ ತಾಯಿಮನೆಯಾಗಬೇಕೆಂದು ಎಬ್ಬಿಸಿದ ಗೋಡೆಗೆ ಸುರಿದ ಹಣದಿಂದಲೇ ಕುಟುಂಬ ಪಾಲಾಯಿತು ಎನ್ನುವುದನ್ನು ಕಥೋಲಿಕರಾದ ನಾವು ತಲೆ ತಗ್ಗಿಸಿಯೇ ಓದಬೇಕು. ಕಾಣಿಕೆ ಪೆಟ್ಟಿಗೆಯ ಲೆಕ್ಕವನ್ನು ಪೂಜೆಯ ಕೊನೆಗೆ ಪ್ರತಿ ತಿಂಗಳು ಓದಿ ಹೇಳುವ ನಮ್ಮ ಧರ್ಮಕೇಂದ್ರಗಳ ಪದ್ಧತಿಯನ್ನು ಕೆಲವರು ಬೇಸರದಿಂದ ಕೇಳುತ್ತಾರೆ. ಬೇಸರವಾದರೂ ಸರಿ, ಓದಲಿ.

ಕೆಡವಿದ್ದು ಬೇಗ, ಕಟ್ಟುವುದು ತಡವಾಯಿತು. ಬ್ರಮಾಂತೆಯ ನಂತರ ಬಂದ ರಾಫೆಲ್ 1520ರಲ್ಲಿ 37ನೇ ವಯಸ್ಸಿಗೇ ತೀರಿಕೊಂಡ. 1527ರಲ್ಲಿ ಶತ್ರು ಸೈನ್ಯ ರೋಮನ್ನು ಸೂರೆ ಮಾಡಿತು. 1530ರ ದಶಕದಲ್ಲಿ ರೋಮಿಗೆ ಬಂದ ಡಚ್ ಚಿತ್ರಕಾರ ಹೀಮ್ಸ್‌ಕೆರ್ಕ್ ಬಿಡಿಸಿದ ಚಿತ್ರಗಳು ಉಳಿದಿವೆ. ಬಾನಿಗೆ ತೆರೆದ ಬೃಹತ್ ಕಮಾನುಗಳು, ಮೇಲೆ ಬೆಳೆದ ಹುಲ್ಲು ಗಿಡ. ಹೊಸ ಕಟ್ಟಡವೋ ಪ್ರಾಚೀನ ಪಾಳೋ ಗೊತ್ತಾಗುವುದಿಲ್ಲ.

ಈ ಅವಧಿಯಲ್ಲಿ ಪೂಜೆ ಎಲ್ಲಿ ನಡೆಯುತ್ತಿತ್ತು? ನನ್ನ ಮನಸ್ಸನ್ನು ಬಹಳ ಹಿಡಿದ ಸಂಗತಿ ಇದು. ಪೇತ್ರರ ಸಮಾಧಿಯ ಮೇಲಿನ ಪೀಠ ಬಯಲಲ್ಲಿ ನಿಂತುಬಿಟ್ಟಿತ್ತು. ಗಾಳಿ ಮಳೆಗೆ ಮೇಣದಬತ್ತಿ ಉಳಿಯುತ್ತಿರಲಿಲ್ಲ. ಆಗ ಅದೇ ಬ್ರಮಾಂತೆ, ತನ್ನ ಕೊನೆಯ ದಿನಗಳಲ್ಲಿ, ಪೀಠದ ಸುತ್ತ ಕಲ್ಲಿನ ಸಣ್ಣ ಮನೆಯೊಂದನ್ನು ಕಟ್ಟಿಸಲು ತೊಡಗಿದ. ಅದನ್ನು ‘ತೆಗೂರಿಯೊ’ ಎನ್ನುತ್ತಿದ್ದರು. ನಮ್ಮ ಮಾತಿನಲ್ಲಿ ಗುಡಿಸಲು ಎಂದ ಹಾಗೆ. ಮೇಲೆ ಆಕಾಶದೆತ್ತರದ ಕಮಾನುಗಳು ಏಳುತ್ತಿದ್ದರೆ ಕೆಳಗೆ ಆ ಪುಟ್ಟ ಗೂಡಿನಲ್ಲಿ ಜಗದ್ಗುರುಗಳು ಬಲಿಪೂಜೆ ಅರ್ಪಿಸುತ್ತಿದ್ದರು. ತಾತ್ಕಾಲಿಕ ಎಂದು ಕಟ್ಟಿದ್ದು ಎಪ್ಪತ್ತಕ್ಕೂ ಹೆಚ್ಚು ವರ್ಷ ನಿಂತಿತು.

ಇನ್ನು ಜನರ ಪಾಲಿಗೆ ಉಳಿದಿದ್ದು ಹಳೆಯ ದೇವಾಲಯದ ಮುಂದಿನ ಅರ್ಧ. 1538ರಲ್ಲಿ ಅಂತೋನಿಯೊ ದ ಸಂಗಾಲೊ ಅಡ್ಡಗೋಡೆಯೊಂದನ್ನು ಎಬ್ಬಿಸಿ ಅದನ್ನು ಕಾಮಗಾರಿಯಿಂದ ಬೇರೆ ಮಾಡಿದ. ಗೋಡೆಯ ಆಚೆ ಕಲ್ಲು ಕುಟ್ಟುವ ಸದ್ದು, ಈಚೆ ಪ್ರಾರ್ಥನೆ. ಭಾರತಕ್ಕೆ ಹೊರಡುವ ಮುನ್ನ ಸಂತ ಫ್ರಾನ್ಸಿಸ್ ಕ್ಸೇವಿಯರ್ ರೋಮಿನಲ್ಲಿದ್ದದ್ದು 1538ರಿಂದ 1540ರ ಮಾರ್ಚಿನವರೆಗೆ. 1542ರ ಮೇ ತಿಂಗಳಲ್ಲಿ ಗೋವೆಗೆ ಬಂದಿಳಿದ ಆ ಸಂತರ ಕಣ್ಣಲ್ಲಿದ್ದ ಪೇತ್ರರ ದೇವಾಲಯ, ಗುಮ್ಮಟವಿಲ್ಲದ, ಅರ್ಧ ಕೆಡವಿದ, ನಡುವೆ ಗೋಡೆ ಎದ್ದ ದೇವಾಲಯ. ನಾವು ಕಲ್ಪಿಸಿಕೊಳ್ಳುವ ಭವ್ಯ ರೋಮನ್ನು ಅವರು ಕಂಡಿರಲಿಲ್ಲ.

ಆಮೇಲಿನ ಕಥೆ ಹಲವರಿಗೆ ಗೊತ್ತು. ಸಂಗಾಲೊ ತೀರಿದ ಮೇಲೆ, 71 ವರ್ಷದ ಮೈಕೆಲೆಂಜೆಲೊ ಒಲ್ಲೆ ಒಲ್ಲೆ ಎನ್ನುತ್ತಲೇ ಕೆಲಸ ಒಪ್ಪಿಕೊಂಡ. ದೇವರ ಮತ್ತು ಪೇತ್ರರ ಮೇಲಿನ ಪ್ರೀತಿಗಾಗಿ ಎಂದು ಸಂಬಳ ಪಡೆಯಲಿಲ್ಲ. ಸಂಗಾಲೊ ಕಟ್ಟಿಸಿದ್ದರಲ್ಲಿ ಒಂದಷ್ಟನ್ನು ಕೆಡವಿಸಿ ಬ್ರಮಾಂತೆಯ ಮೂಲ ನಕ್ಷೆಯ ಕಡೆಗೆ ಮರಳಿದ. ಕಂಬ ಒಡೆದದ್ದಕ್ಕೆ ಬ್ರಮಾಂತೆಯನ್ನು ಬೈದವನೇ, ಅವನ ನಕ್ಷೆಯಿಂದ ದೂರ ಹೋದವರು ಸತ್ಯದಿಂದಲೇ ದೂರ ಹೋದರು ಎಂಬ ಅರ್ಥದ ಮಾತನ್ನು ಪತ್ರದಲ್ಲಿ ಬರೆದ. ಹೀಗೆ ಒಬ್ಬ ಮನುಷ್ಯನ ತಪ್ಪನ್ನೂ ಗುಣವನ್ನೂ ಬೇರೆ ಬೇರೆ ತೂಗುವವರು ಅಪರೂಪ. 1564ರಲ್ಲಿ ಅವನು ಸತ್ತಾಗ ಗುಮ್ಮಟ ಇನ್ನೂ ಎದ್ದಿರಲಿಲ್ಲ. ಜಾಕೊಮೊ ದೆಲ್ಲಾ ಪೋರ್ತಾ 1590ರಲ್ಲಿ ಅದನ್ನು ಮುಚ್ಚಿದ.

ಗುಮ್ಮಟ ಎದ್ದ ಮೇಲೂ ಹಳೆಯ ಅರ್ಧ ಹಾಗೇ ಅಂಟಿಕೊಂಡು ನಿಂತಿತ್ತು. ಜನರಿಗೆ ಅದರ ಮೇಲೆ ಪ್ರೀತಿ. 1605ರ ಸೆಪ್ಟೆಂಬರಿನಲ್ಲಿ ಬಲಿಪೂಜೆ ನಡೆಯುತ್ತಿದ್ದಾಗಲೇ ಪೀಠವೊಂದರ ಸಮೀಪ ಅಮೃತಶಿಲೆಯ ದೊಡ್ಡ ತುಂಡು ಮೇಲಿನಿಂದ ಕಳಚಿ ಬಿತ್ತು. ಆಲ್ಬೆರ್ತಿ ನೂರೈವತ್ತು ವರ್ಷದ ಹಿಂದೆ ಹೇಳಿದ್ದ ಭಯ ನಿಜವಾಗುವಂತಿತ್ತು. ಆಗಷ್ಟೇ ಆಯ್ಕೆಯಾಗಿದ್ದ ಜಗದ್ಗುರು 5ನೇ ಪೌಲ್ ಅದೇ ತಿಂಗಳು ಕಾರ್ಡಿನಲರ ಸಭೆಯಲ್ಲಿ ಉಳಿದರ್ಧವನ್ನೂ ಕೆಡವುವ ತೀರ್ಮಾನ ಮಾಡಿದರು. ಧರ್ಮಸಭೆಯ ಚರಿತ್ರೆಯನ್ನು ಸಂಪುಟ ಸಂಪುಟವಾಗಿ ಬರೆದ ಕಾರ್ಡಿನಲ್ ಬರೋನಿಯುಸ್ ವಿರೋಧಿಸಿದರು. ಅವರ ಪಾಲಿಗೆ ಆ ಕಲ್ಲುಗಳು ಆದಿ ಧರ್ಮಸಭೆಯ ಸಾಕ್ಷಿಗಳು. ಅವರ ಮಾತು ನಡೆಯಲಿಲ್ಲ; 1606ರ ಆರಂಭದಲ್ಲಿ ಕೆಡಹುವ ಕೆಲಸ ಶುರುವಾಯಿತು, 1607ರಲ್ಲಿ ಅವರು ತೀರಿಕೊಂಡರು. ನನ್ನನ್ನು ಕೇಳಿದರೆ ಇಬ್ಬರೂ ಸರಿ. ಜನರ ತಲೆಯ ಮೇಲೆ ಕಲ್ಲು ಬೀಳುವ ಮನೆಯಲ್ಲಿ ಕುಟುಂಬವನ್ನು ಕೂರಿಸುವಂತಿಲ್ಲ. ಆದರೆ ಯಾರಾದರೂ ಒಬ್ಬರು ಎದ್ದುನಿಂತು ಬೇಡ ಎನ್ನದಿದ್ದರೆ, ಕೆಡವುವ ಕೈಗೆ ಎಚ್ಚರ ಬರುವುದಿಲ್ಲ.

ಎಚ್ಚರ ಬಂತು ಎಂಬುದೇ ಈ ಎರಡನೆಯ ಕೆಡಹುವಿಕೆಯ ವಿಶೇಷ. 1506ರಲ್ಲಿ ಇರದಿದ್ದ ಒಬ್ಬ ಮನುಷ್ಯ 1605ರಲ್ಲಿದ್ದ: ಜಾಕೊಮೊ ಗ್ರಿಮಾಲ್ದಿ. ದೇವಾಲಯದ ದಫ್ತರ ನೋಡಿಕೊಳ್ಳುವ ಗುಮಾಸ್ತೆ, ಪತ್ರಗಳಿಗೆ ಮುದ್ರೆ ಹಾಕುವ ನೋಟರಿ. ಪಿಕಾಸಿ ಬೀಳುವ ಮುಂಚೆ ಗ್ರಿಮಾಲ್ದಿಯ ಲೇಖನಿ ಅಲ್ಲಿರುತ್ತಿತ್ತು. ಯಾವ ಪೀಠ ಎಲ್ಲಿತ್ತು, ಯಾವ ಕಲ್ಲಿನ ಮೇಲೆ ಏನು ಬರೆದಿತ್ತು, ಯಾವ ಸಮಾಧಿ ತೆರೆದಾಗ ಏನು ಕಂಡಿತು ಎಂದೆಲ್ಲ ಬರೆದು, ಚಿತ್ರಕಾರರಿಂದ ಬಣ್ಣದ ಚಿತ್ರಗಳನ್ನು ಬಿಡಿಸಿ ಸೇರಿಸಿದ. ಆ ಹೊತ್ತಗೆಗಳು ವ್ಯಾಟಿಕನ್ ಗ್ರಂಥಾಲಯದಲ್ಲಿವೆ. ಅವನಿಗಿಂತ ಮುಂಚೆ ಅದೇ ದೇವಾಲಯದ ಸೇವೆಯಲ್ಲಿದ್ದ ತಿಬೇರಿಯೊ ಅಲ್ಫರಾನೊ, ಆಗಲೇ ಕೆಡವಿದ್ದ ಭಾಗವನ್ನೂ ಸೇರಿಸಿ ಹಳೆಯ ದೇವಾಲಯದ ಪೂರ್ಣ ನಕ್ಷೆಯನ್ನು 1571ರಲ್ಲಿ ತಯಾರಿಸಿದ್ದ. 1590ರಲ್ಲಿ ಅದು ಅಚ್ಚಾಯಿತು. ಹಳೆಯ ಮನೆಯ ಬಗ್ಗೆ ಈ ಲೇಖನದಲ್ಲಿ ಹೇಳಿದ ಹಲವು ವಿವರ ನಮ್ಮವರೆಗೆ ಬಂದಿರುವುದು ಇವರಿಬ್ಬರ ದಯೆಯಿಂದ. ಇಬ್ಬರೂ ಸಂತರಲ್ಲ, ಕಾರ್ಡಿನಲರಲ್ಲ.

ದಾಖಲೆ ಎಂದರೇನು ಎಂಬುದಕ್ಕೆ ಒಂದು ಉದಾಹರಣೆ. ಜಗದ್ಗುರು 8ನೇ ಬೊನಿಫಾಸ್ 1303ರಲ್ಲಿ ತೀರಿಕೊಂಡಾಗ ಅವರ ವೈರಿಗಳು ಒಂದು ಕಥೆ ಹಬ್ಬಿಸಿದ್ದರು: ಹುಚ್ಚು ಹಿಡಿದು, ತಮ್ಮ ಕೈಗಳನ್ನೇ ಕಚ್ಚಿಕೊಂಡು ಸತ್ತರು ಎಂದು. ಮುನ್ನೂರು ವರ್ಷ ಜನ ಅದನ್ನೇ ಹೇಳಿಕೊಂಡು ಬಂದರು. 1605ರ ಅಕ್ಟೋಬರಿನಲ್ಲಿ, ಕೆಡಹುವ ಸಲುವಾಗಿ ಅವರ ಸಮಾಧಿಯನ್ನು ತೆರೆದಾಗ ದೇಹ ಬಹುಮಟ್ಟಿಗೆ ಕೆಡದೆ ಉಳಿದಿತ್ತು. ಕೈಗಳು ಸುಸ್ಥಿತಿಯಲ್ಲಿದ್ದವು, ಕಚ್ಚಿದ ಗುರುತಿಲ್ಲ. ಗ್ರಿಮಾಲ್ದಿ ಅದನ್ನು ಬರೆದಿಟ್ಟ. ಮನೆ ಕೆಡವುವಾಗ ಮುನ್ನೂರು ವರ್ಷದ ಸುಳ್ಳೊಂದು ಬಿತ್ತು.

ಈ ಮಾತನ್ನು ನಮ್ಮ ಊರುಗಳಿಗೆ ತಂದು ಹೇಳದೆ ಮುಂದೆ ಹೋಗಲಾರೆ. ಹೆಂಚಿನ ಚರ್ಚು ಸೋರುತ್ತದೆ, ಜನ ಹೆಚ್ಚಾಗಿದ್ದಾರೆ, ಹೊಸದು ಬೇಕು: ನ್ಯಾಯವೇ. ಕೆಡವುವ ಮುನ್ನ ಯಾರಾದರೂ ಅಳತೆ ತೆಗೆದರೇ? ಗೋಡೆಯ ಕಲ್ಲಿನಲ್ಲಿ ಕೆತ್ತಿದ ಹೆಸರುಗಳನ್ನು ಬರೆದುಕೊಂಡರೇ? ಮೂರು ತಲೆಮಾರಿಗೆ ಜ್ಞಾನಸ್ನಾನ ಕೊಟ್ಟ ಕಲ್ಲಿನ ತೊಟ್ಟಿ ಈಗ ಎಲ್ಲಿದೆ? ಅಡಿಪಾಯ ತೋಡುವಾಗ ಸಿಕ್ಕ ಗೋರಿಕಲ್ಲು ಯಾವ ಕಾಂಪೌಂಡ್ ಗೋಡೆಗೆ ಸೇರಿತು? ಮನೆಗಳಲ್ಲೂ ಅಷ್ಟೇ. ಬಾಗಿಲ ಹಿಂದೆ ಸುಣ್ಣದ ಗೋಡೆಯ ಮೇಲೆ ಅಜ್ಜ ಸೀಸದಕಡ್ಡಿಯಲ್ಲಿ ಮಕ್ಕಳ ಹುಟ್ಟಿದ ದಿನ ಬರೆದಿರುತ್ತಾರೆ. ಒಂದು ಫೋಟೋ ತೆಗೆಯಲು ಐದು ನಿಮಿಷ ಸಾಕು. ಜೆ.ಸಿ.ಬಿ. ಬಂದ ಮೇಲೆ ಆ ಐದು ನಿಮಿಷ ಸಿಗುವುದಿಲ್ಲ.

ಇತ್ತ ರೋಮಿನಲ್ಲಿ, ಹಳೆಯ ದೇವಾಲಯ ಮುಚ್ಚಿದ್ದ ಪವಿತ್ರ ನೆಲವೆಲ್ಲ ಹೊಸದರ ಚಾವಣಿಯ ಕೆಳಗೇ ಬರಬೇಕೆಂಬ ಬಯಕೆಯೂ ಇತ್ತು. ಅದಕ್ಕಾಗಿ ವಾಸ್ತುಶಿಲ್ಪಿ ಕಾರ್ಲೊ ಮದೆರ್ನೊ ದೇವಾಲಯದ ಮುಂಭಾಗವನ್ನು ಉದ್ದಕ್ಕೆ ಎಳೆದ. ಚೌಕದಲ್ಲಿ ಹತ್ತಿರ ನಿಂತವರಿಗೆ ಮೈಕೆಲೆಂಜೆಲೊನ ಗುಮ್ಮಟ ಅರ್ಧ ಮರೆಯಾಗಿ ಕಾಣುವುದು ಈ ಕಾರಣಕ್ಕೆ. ಕಲಾವಿಮರ್ಶಕರು ಇಂದಿಗೂ ಅವನನ್ನು ಬೈಯುತ್ತಾರೆ. ಹಳೆಯ ಮನೆಯ ನೆಲವನ್ನು ಹೊರಗೆ ಬಿಡಬಾರದೆಂಬ ಹಟಕ್ಕೆ ತೆತ್ತ ಬೆಲೆ ಅದು. ನನಗಂತೂ ದುಬಾರಿ ಅನಿಸುವುದಿಲ್ಲ. 1626ರ ನವೆಂಬರ್ 18ರಂದು ಜಗದ್ಗುರು 8ನೇ ಉರ್ಬಾನ್ ಹೊಸ ಮಹಾದೇವಾಲಯವನ್ನು ಪ್ರತಿಷ್ಠಾಪಿಸಿದರು. ಮೊದಲ ದೇವಾಲಯದ ಪ್ರತಿಷ್ಠಾಪನೆ 326ರ ಅದೇ ದಿನ ಆಯಿತೆಂಬುದು ಪರಂಪರೆ. ಸರಿಯಾಗಿ 1300 ವರ್ಷ ಎಂದು ಲೆಕ್ಕ ಹಾಕಿಯೇ ದಿನ ಗೊತ್ತುಮಾಡಿದ್ದರು. ಮೊದಲ ಕಲ್ಲು ಇಟ್ಟು 120 ವರ್ಷ ಕಳೆದಿತ್ತು. ಅದರ 400ನೇ ವರ್ಷ 2026.

ಹೊಸ ಮನೆಗೆ ಹಳೆಯ ಸಾಮಾನು ಎಷ್ಟು ಬಂತು? ಶಾರ್ಲಮೇನ್ ಮಂಡಿಯೂರಿದನೆನ್ನುವ ಕೆಂಪು ಕಲ್ಲಿನ ದುಂಡು ಚಪ್ಪಡಿ ಬಂತು. ಮುಖ್ಯ ಬಾಗಿಲಿನಿಂದ ಒಳಹೋದ ಕೂಡಲೇ ಕಾಲ ಕೆಳಗಿದೆ. 1445ರ ಕಂಚಿನ ಬಾಗಿಲು ಬಂತು. ಹೊಸ ದ್ವಾರಕ್ಕೆ ಸಾಲದೆ ತುಂಡು ಸೇರಿಸಿ ಎತ್ತರಿಸಿದರು. ಪಾದ ಸವೆದ ಪೇತ್ರರ ಕಂಚಿನ ಪ್ರತಿಮೆ ಬಂತು. ಮೈಕೆಲೆಂಜೆಲೊ ಯುವಕನಾಗಿದ್ದಾಗ ಕೆತ್ತಿದ ‘ಪಿಯೆತಾ’, ಹಳೆಯ ದೇವಾಲಯಕ್ಕೆ ಅಂಟಿಕೊಂಡಿದ್ದ ಸಂತ ಪೆತ್ರೊನಿಲ್ಲಾಳ ಗುಡಿಯಲ್ಲಿತ್ತು; ಗುಡಿ ಹೋಯಿತು, ಮಾತೆ ಮತ್ತು ಮಗ ಬಂದರು. ಸಮಾಧಿಯ ಸುತ್ತ ಇದ್ದ ತಿರುಚಿದ ಕಂಬಗಳು ಗುಮ್ಮಟದ ಕೆಳಗಿನ ಗೂಡುಗಳಲ್ಲಿ ನಿಂತವು. ‘ಸ್ವರ್ಗ’ದ ಅಂಗಳದ ಪೈನ್ ಕಾಯಿ ವ್ಯಾಟಿಕನ್ ಅರಮನೆಯ ಅಂಗಳಕ್ಕೆ ಹೋಯಿತು. ಎಂಟನೆಯ ಶತಮಾನದ ಜಗದ್ಗುರು 7ನೇ ಜಾನರ ಪ್ರಾರ್ಥನಾಲಯದ ಮೊಸಾಯಿಕ್ ಚಿತ್ರಗಳಲ್ಲಿ ಚೂರುಗಳಷ್ಟೇ ಉಳಿದು ಬೇರೆ ಬೇರೆ ಚರ್ಚುಗಳಿಗೆ ಚದುರಿದವು. 88 ಕಂಬಗಳಲ್ಲಿ, ನೂರಾರು ಸಮಾಧಿಗಳಲ್ಲಿ ಬಹುಪಾಲು ಮರಳಿ ಸಿಗಲಿಲ್ಲ.

ಸಮಾಧಿ ಮಾತ್ರ ಕದಲಲಿಲ್ಲ. ಅದು ಎಷ್ಟರ ಮಟ್ಟಿಗೆ ನಿಜ ಎಂಬುದು ತಿಳಿದದ್ದು ನಮ್ಮ ಅಜ್ಜ ಅಜ್ಜಿಯರ ಕಾಲದಲ್ಲಿ. 1939ರಲ್ಲಿ ಜಗದ್ಗುರು 11ನೇ ಪಿಯುಸರಿಗೆ ದೇವಾಲಯದ ನೆಲಮಾಳಿಗೆಯಲ್ಲಿ ಸಮಾಧಿ ಸಿದ್ಧಮಾಡಲು ಹೊರಟಾಗ ಕೆಳಗಿನ ಪ್ರಾಚೀನ ಅವಶೇಷಗಳು ಬೆಳಕಿಗೆ ಬಂದವು. ಜಗದ್ಗುರು 12ನೇ ಪಿಯುಸ್ ಉತ್ಖನನಕ್ಕೆ ಒಪ್ಪಿಗೆ ಕೊಟ್ಟರು. ಯುದ್ಧದ ವರ್ಷಗಳಲ್ಲಿ ಸದ್ದಿಲ್ಲದೆ ನಡೆದ ಆ ಕೆಲಸದಲ್ಲಿ ಕಾನ್‌ಸ್ಟಂಟೈನ್ ಮಣ್ಣು ತುಂಬಿಸಿದ ಸಮಾಧಿಮನೆಗಳ ಬೀದಿಯೇ ಎದ್ದುಬಂತು. ಮುಖ್ಯ ಪೀಠದ ಕೆಳಗೆ ಹೋದಂತೆ ಒಂದರ ಕೆಳಗೊಂದು ಸಿಕ್ಕವು: 1594ರ 8ನೇ ಕ್ಲೆಮೆಂಟರ ಪೀಠ, ಅದರೊಳಗೆ 12ನೇ ಶತಮಾನದ 2ನೇ ಕಲಿಕ್ಸ್ತರದು, ಅದರೊಳಗೆ ಸುಮಾರು 600ರ ಮಹಾ ಗ್ರೆಗೊರಿಯವರದು, ಅದರಡಿ ಕಾನ್‌ಸ್ಟಂಟೈನನ ಸ್ಮಾರಕ, ಕಟ್ಟಕಡೆಗೆ ಎರಡನೆಯ ಶತಮಾನದ ಕ್ರೈಸ್ತರು ಕೆಂಪು ಗೋಡೆಗೆ ಒತ್ತಿ ಕಟ್ಟಿದ್ದ ಸಣ್ಣದೊಂದು ಗೂಡು. ಮೇಲಿನದೆಲ್ಲ ಎಷ್ಟು ಸಲ ಬದಲಾದರೂ, ಮೇಸ್ತ್ರಿಯ ತೂಗುಗುಂಡು ಇಳಿಬಿಟ್ಟ ಹಾಗೆ ಎಲ್ಲವೂ ಒಂದೇ ನೇರದಲ್ಲಿವೆ. ಪೇತ್ರರ ಸಮಾಧಿ ಪತ್ತೆಯಾಗಿದೆ ಎಂದು 1950ರ ಡಿಸೆಂಬರಿನಲ್ಲಿ 12ನೇ ಪಿಯುಸ್ ಲೋಕಕ್ಕೆ ತಿಳಿಸಿದರು. ಬ್ರಮಾಂತೆಯ ಮಾತು ನಡೆದಿದ್ದರೆ ಈ ನೇರ 1506ರಲ್ಲೇ ತಪ್ಪಿಹೋಗುತ್ತಿತ್ತು.

ಇನ್ನು ನವೆಂಬರ್ 18ರ ಶುಭಸಂದೇಶಕ್ಕೆ ಬರೋಣ. ಹಳೆಯ ದೇವಾಲಯದ ಅಂಗಳದಲ್ಲಿ, ಒಳಬರುವ ದ್ವಾರದ ಮೇಲೆ, ಜೊತ್ತೊ ಎಂಬ ಮಹಾ ಕಲಾವಿದ ಸುಮಾರು 1300ರ ಹೊತ್ತಿಗೆ ರಚಿಸಿದ ದೊಡ್ಡ ಮೊಸಾಯಿಕ್ ಚಿತ್ರವಿತ್ತು. ಹೆಸರು ‘ನವಿಚೆಲ್ಲಾ’, ಪುಟ್ಟ ದೋಣಿ. ಗಾಳಿಗೆ ಸಿಕ್ಕ ದೋಣಿ, ಅದರಲ್ಲಿ ಹೆದರಿದ ಶಿಷ್ಯರು, ನೀರಿನಲ್ಲಿ ಯೇಸುಸ್ವಾಮಿಯ ಕಡೆಗೆ ಕೈ ಚಾಚಿದ ಪೇತ್ರ. ಕೆಡಹುವ ಕೆಲಸ ಅದರ ಬಳಿಗೂ ಬಂತು. ಉಳಿಸಬೇಕೆಂದೇ ಎಲ್ಲರ ಆಸೆ. ಜಾಗದಿಂದ ಜಾಗಕ್ಕೆ ಸಾಗಿಸುತ್ತ, ಗಾಳಿ ಮಳೆಗೆ ಸಿಕ್ಕಿ, ದುರಸ್ತಿ ಮಾಡಿ ಮಾಡಿ ಹದಿನೇಳನೆಯ ಶತಮಾನ ಮುಗಿಯುವ ಮುನ್ನ ಮೂಲ ಚಿತ್ರವೇ ಇಲ್ಲವಾಯಿತು. ಅಂಚಿನಲ್ಲಿದ್ದ ಇಬ್ಬರು ದೇವದೂತರ ಮುಖಗಳು ಮಾತ್ರ ಉಳಿದಿವೆ; ಒಂದು ವ್ಯಾಟಿಕನ್ನಿನ ನೆಲಮಾಳಿಗೆಯಲ್ಲಿ, ಇನ್ನೊಂದು ರೋಮಿನ ಆಚೆ ಬೊವಿಲ್ಲೆ ಎರ್ನಿಕಾ ಎಂಬ ಊರಿನ ಚರ್ಚಿನಲ್ಲಿ. ಈಗ ಮಹಾದೇವಾಲಯದ ಮುಖಮಂಟಪದಲ್ಲಿರುವುದು 1675ರಲ್ಲಿ ಮುಗಿದ ಪ್ರತಿ. ನಿಮ್ಮಲ್ಲಿ ಯಾರಾದರೂ ರೋಮ್ ಯಾತ್ರೆಗೆ ಹೋದರೆ ನೆನಪಿಡಿ: ಅದು ಮುಖಮಂಟಪದ ನಡುದ್ವಾರದ ಮೇಲೆ, ದೇವಾಲಯದ ಕಡೆಗೆ ಮುಖ ಮಾಡಿ ಇದೆ. ಒಳಗೆ ಹೋಗುವ ಅವಸರದಲ್ಲಿ ಬೆನ್ನ ಹಿಂದೆ ಉಳಿಯುತ್ತದೆ. ಪ್ರಾರ್ಥನೆ ಮುಗಿಸಿ ಹೊರಗೆ ಬರುವಾಗ ತಲೆಯೆತ್ತಿ ನೋಡಿದರೆ ಕಾಣುತ್ತದೆ.